ಡೈರ್ ವುಲ್ಫ್: ಮೂರು ತಿಂಗಳ ಪ್ಯಾಕೆಟ್, ಎರಡು ಕೇಬಲ್

ಪ್ಯಾಕೆಟ್ ರೇಡಿಯೋ, ಅಂದರೆ ಹ್ಯಾಮ್ (ಹವ್ಯಾಸಿ) ರೇಡಿಯೋ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಅಕ್ಷರ ಕಳಿಸುವುದು, ಶುರು ಮಾಡಬೇಕು ಅಂತ ಹೊರಟಾಗ ನಾನು ಮೊದಲು ಹುಡುಕಿದ್ದು ಟಿಎನ್‌ಸಿ ಪೆಟ್ಟಿಗೆ. ರೇಡಿಯೋಗೂ ಕಂಪ್ಯೂಟರಿಗೂ ನಡುವೆ ಕೂರುವ ಮೋಡೆಮ್ ಅದು. ಸಿಕ್ಕಿದ್ದೆಲ್ಲ ಹಳೇ ಮಾಲು. ಒಂದರಲ್ಲಿ ಒಳಗಿನ ಬ್ಯಾಟರಿ ಸತ್ತಿತ್ತು, ಇನ್ನೊಂದಕ್ಕೆ ಸೀರಿಯಲ್ ಪೋರ್ಟ್ ಬೇಕಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಪೋರ್ಟೇ ಇಲ್ಲ.

ಹ್ಯಾಮ್ ಪರೀಕ್ಷೆಗೆ ನನ್ನನ್ನು ತಯಾರು ಮಾಡಿದ ಹಿರಿಯ ಓಎಂ ('ಓಲ್ಡ್ ಮ್ಯಾನ್', ಹ್ಯಾಮ್ ಗೆಳೆಯರನ್ನು ಕರೆಯುವ ರೂಢಿ) ಒಬ್ಬರಿದ್ದಾರೆ. ಅವರ ಮೇಜಿನ ಮೇಲೆ ಈಗಲೂ ಒಂದು ಟಿಎನ್‌ಸಿ-2 ಇದೆ. 1985ರಲ್ಲಿ ಅಮೆರಿಕದ ಹವ್ಯಾಸಿಗಳ ಟ್ಯಾಪರ್ ಕೂಟದವರು ಹೊರತಂದ ವಿನ್ಯಾಸ, ಒಳಗೆ ಝಡ್80 ಚಿಪ್. ಅದನ್ನೇ ಕೊಡುತ್ತಾರೇನೋ ಅಂತ ಆಸೆಯಿಂದ ಕೇಳಿದೆ. "ಪೆಟ್ಟಿಗೆ ಯಾಕಪ್ಪ ನಿನಗೆ? ಡೈರ್ ವುಲ್ಫ್ ಹಾಕ್ಕೋ, ಪುಕ್ಕಟೆ" ಅಂದರು. ಪೆಟ್ಟಿಗೆ ಕೊಡಲಿಲ್ಲ.

ಡೈರ್ ವುಲ್ಫ್ ಅಂದರೆ ಸಾಫ್ಟ್‌ವೇರ್ ಟಿಎನ್‌ಸಿ. ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರಿನ ಸೌಂಡ್ ಕಾರ್ಡ್ ಹತ್ತಿರ ಮಾಡಿಸುತ್ತದೆ. ವಿಎಚ್‌ಎಫ್ ಪ್ಯಾಕೆಟ್‌ನಲ್ಲಿ ಎರಡೇ ಸ್ವರ, 1200 ಹರ್ಟ್ಸ್ ಮತ್ತು 2200 ಹರ್ಟ್ಸ್. ಇವೆರಡರ ನಡುವೆ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಜಿಗಿದಾಡುವುದೇ ಆ 'ಪ್ರ್ರ್‌ಚ್' ಅನ್ನುವ ಸದ್ದು. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನಾನು ರಾಸ್ಪ್‌ಬೆರಿ ಪೈ ಮೇಲೆ ಹಾಕಿಕೊಂಡೆ.

ಕಿಟಕಿ, ಬಟನ್, ಮೆನು ಏನೂ ಇಲ್ಲ. ಸುಮ್ನೆ ಸಾಲುಸಾಲಾಗಿ ಅಕ್ಷರ ಓಡುವ ಪರದೆ. ಸೆಟ್ಟಿಂಗ್ ಎಲ್ಲ ಒಂದು ಫೈಲ್‌ನಲ್ಲಿ. ಆ ಫೈಲ್ ಉದ್ದ ನೋಡಿ ಗಾಬರಿ ಆಗುತ್ತದೆ, ಆದರೆ ಮುಕ್ಕಾಲು ಪಾಲು ವಿವರಣೆಯೇ. ನಾನು ಮುಟ್ಟಿದ್ದು ನಾಲ್ಕೇ ಸಾಲು: ಯಾವ ಸೌಂಡ್ ಕಾರ್ಡ್, ನನ್ನ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಏನು, ಪಿಟಿಟಿ (ರೇಡಿಯೋವನ್ನು ಟ್ರಾನ್ಸ್‌ಮಿಟ್‌ಗೆ ಹಾಕುವ ಗುಂಡಿ) ಒತ್ತುವುದು ಹೇಗೆ, ಮತ್ತೆ ಟಿಎಕ್ಸ್‌ಡಿಲೇ, ಅಂದರೆ ಪಿಟಿಟಿ ಒತ್ತಿದ ಮೇಲೆ ಪ್ಯಾಕೆಟ್ ಬಿಡುವ ಮುಂಚೆ ಕಾಯುವ ಹೊತ್ತು. ಜೊತೆಗೆ ಬರುವ ಕೈಪಿಡಿ ಚೆನ್ನಾಗಿದೆ. ಇಷ್ಟು ತಾಳ್ಮೆಯಿಂದ ಬರೆದದ್ದನ್ನು ದುಡ್ಡು ಕೊಟ್ಟು ಕೊಂಡ ಸಾಮಾನಿನ ಜೊತೆಗೂ ನಾನು ನೋಡಿಲ್ಲ.

ಮೊದಲ ವಾರ ಬರೀ ಕೇಳಿಸಿಕೊಳ್ಳಿ. ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ರೇಡಿಯೋ) ಇಯರ್‌ಫೋನ್ ಕಿಂಡಿಯಿಂದ ಸೌಂಡ್ ಕಾರ್ಡಿಗೆ ಒಂದು ತಂತಿ, ಅಷ್ಟೇ ಸಾಕು. ಬಾಹ್ಯಾಕಾಶ ನಿಲ್ದಾಣದ ಪ್ಯಾಕೆಟ್ ರೇಡಿಯೋ ಆನ್ ಇದ್ದಾಗ 145.825 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ. ತಲೆ ಮೇಲೆ ಹಾದುಹೋಗುವ ಹತ್ತು ನಿಮಿಷದಲ್ಲಿ ಪರದೆ ತುಂಬ ಕಾಲ್‌ಸೈನ್. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸೆಟ್ಟಿಂಗ್) ಪೂರ್ತಿ ತೆರೆದಿಡಿ, ಬ್ಯಾಟರಿ ಸೇವರ್ ಆಫ್ ಮಾಡಿ. ಇವೆರಡೂ ಪ್ಯಾಕೆಟ್‌ನ ತಲೆಯನ್ನೇ ಕತ್ತರಿಸಿ ಹಾಕುತ್ತವೆ. ತಲೆ ಹೋದ ಮೇಲೆ ಉಳಿದದ್ದು ಎಷ್ಟು ಸ್ಪಷ್ಟವಾಗಿ ಬಂದರೂ ಉಪಯೋಗ ಇಲ್ಲ.

ನನ್ನ ಪರದೆಯಲ್ಲಿ ಎರಡು ದಿನ ಏನೂ ಬರಲಿಲ್ಲ. ಸ್ಪೀಕರಿನಲ್ಲಿ ಸದ್ದು ಧಾರಾಳವಾಗಿ ಬರುತ್ತಿತ್ತು. ಜೋರಾಗಿದ್ದರೆ ಒಳ್ಳೆಯದು ಅಂತ ವಾಲ್ಯೂಮ್ ಏರಿಸುತ್ತಾ ಹೋದೆ. ಮೂರನೇ ದಿನ ಒಂದೇ ಒಂದು ಪ್ಯಾಕೆಟ್ ಬಿತ್ತು, ಅದರ ಪಕ್ಕದಲ್ಲಿ ಆಡಿಯೋ ಲೆವೆಲ್ 140 ಅಂತ ತೋರಿಸಿ, ಕೆಳಗೆ ಒಂದು ಬೈಗುಳ: ಸದ್ದು ಜಾಸ್ತಿ ಆಯಿತು, ಹೆಚ್ಚಿನ ಸ್ಟೇಷನ್‌ಗಳು 50ರ ಹತ್ತಿರ ಇರುವಂತೆ ಇಳಿಸು. ಇಳಿಸಿದೆ. ಮುಂದಿನ ಅರ್ಧ ಗಂಟೆಯಲ್ಲಿ ಪ್ಯಾಕೆಟ್ ಸಾಲುಗಟ್ಟಿ ಬಂದವು. ಈ ಒಂದು ಅಂಕಿಗೋಸ್ಕರವೇ ನಾನು ಹೊಸಬರಿಗೆ ಪೆಟ್ಟಿಗೆಗಿಂತ ಡೈರ್ ವುಲ್ಫ್ ಒಳ್ಳೆಯದು ಅನ್ನುವುದು. ಓಎಂ ಅವರ ಟಿಎನ್‌ಸಿ-2 ಮುಂದೆ ಕೂತು ನೋಡಿದ್ದೇನೆ. ಅದು ಎಲ್‌ಇಡಿ ಮಿನುಗಿಸುತ್ತದೆ, ಎಷ್ಟು ಜಾಸ್ತಿ ಎಷ್ಟು ಕಮ್ಮಿ ಅಂತ ಹೇಳುವುದಿಲ್ಲ.

ಇನ್ನು ಕೇಬಲ್ ಕಥೆ. ರೇಡಿಯೋ ಮತ್ತು ಯುಎಸ್‌ಬಿ ಸೌಂಡ್ ಕಾರ್ಡ್ ನಡುವೆ ಹಾಕಲು ರೆಡಿಮೇಡ್ ಕೇಬಲ್ ಒಂದು ತರಿಸಿದೆ. ಯಾರದ್ದು ಅಂತ ಹೇಳುವುದಿಲ್ಲ. ಅದರಲ್ಲಿ ಪಿಟಿಟಿಗೆ ತಂತಿಯೇ ಇಲ್ಲ, ವಾಕ್ಸ್ ನಂಬಿಕೊಂಡು ಮಾಡಿದ್ದು. ಅಂದರೆ ಸದ್ದು ಬಂದರೆ ರೇಡಿಯೋ ತಾನೇ ಟ್ರಾನ್ಸ್‌ಮಿಟ್‌ಗೆ ಹೋಗಬೇಕು, ಸದ್ದು ನಿಂತರೆ ಬಿಡಬೇಕು. ಹೋಗುವುದೇನೋ ಹೋಗುತ್ತದೆ. ಬಿಡುವುದು ಒಂದು ಸೆಕೆಂಡ್ ತಡ. ಅಷ್ಟರೊಳಗೆ ಆ ಕಡೆಯವರು 'ಸಿಕ್ಕಿತು' ಅಂತ ಉತ್ತರ ಕಳಿಸಿ ಮುಗಿಸಿರುತ್ತಾರೆ, ನನ್ನ ರೇಡಿಯೋ ಇನ್ನೂ ಖಾಲಿ ಅಲೆ ಬಿಡುತ್ತಾ ಕಿವುಡಾಗಿ ಕೂತಿರುತ್ತದೆ. ಉತ್ತರ ಬರಲಿಲ್ಲ ಅಂತ ಡೈರ್ ವುಲ್ಫ್ ಮತ್ತೆ ಕಳಿಸುತ್ತದೆ. ಮತ್ತೆ ಅದೇ ಗತಿ. ಹತ್ತು ಸಲ ತಿರುಗಿ ಕನೆಕ್ಷನ್ ಕಟ್.

ಎರಡನೇ ಕೇಬಲ್ ನಾನೇ ಬೆಸುಗೆ ಹಾಕಿದ್ದು. ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಆರ್‌ಟಿಎಸ್ ಗೆರೆಯಿಂದ ಒಂದು ಟ್ರಾನ್ಸಿಸ್ಟರ್, ಅದರಿಂದ ಪಿಟಿಟಿ. ಇದು ಕೆಲಸ ಮಾಡಿತು. ಆದರೆ ಪವರ್ ಏರಿಸಿದಾಗೆಲ್ಲ ಸೌಂಡ್ ಕಾರ್ಡ್ ಮಾಯ! ಆಂಟೆನಾ ಪಕ್ಕದಲ್ಲೇ ಇದ್ದದ್ದರಿಂದ ಅಲೆ ತಂತಿಗೆ ನುಗ್ಗುತ್ತಿತ್ತು. ಎರಡು ಫೆರೈಟ್ ಕ್ಲಿಪ್ ಹಾಕಿ, ಆಂಟೆನಾ ದೂರ ಸರಿಸಿದ ಮೇಲೆ ಸರಿಹೋಯಿತು. ಟಿಎಕ್ಸ್‌ಡಿಲೇ ಕೂಡ ಏರಿಸಬೇಕಾಯಿತು. ಅದು 10 ಮಿಲಿಸೆಕೆಂಡಿನ ಲೆಕ್ಕ. ಮೊದಲಿಗೆ 30 ಇರುತ್ತದೆ, ನನ್ನ ಹ್ಯಾಂಡಿ ನಿಧಾನಿ, ಅದಕ್ಕೆ 45 ಬೇಕಾಯಿತು.

ಒಂದು ವಿಷಯ ಗೊತ್ತಿರಲಿ. ಡೈರ್ ವುಲ್ಫ್ ಬರೀ ಮೋಡೆಮ್. ಅದರೊಳಗೆ ಬಿಬಿಎಸ್ (ಪತ್ರ, ಸುದ್ದಿ ಹಾಕಿ ಓದುವ ಬುಲೆಟಿನ್ ಬೋರ್ಡ್) ಇಲ್ಲ, ಟೈಪ್ ಮಾಡಲು ಜಾಗವೂ ಇಲ್ಲ. ಅದಕ್ಕೆ ಬೇರೆ ಟರ್ಮಿನಲ್ ಬೇಕು. ನಾನು ಕ್ಯೂಟಿ‌ಟರ್ಮ್‌ಟಿಸಿಪಿ ಬಳಸುತ್ತೇನೆ, ಪೋರ್ಟ್ 8000ಕ್ಕೆ ಹಿಡಿದುಕೊಳ್ಳುತ್ತದೆ. ಸ್ವಂತ ಬಿಬಿಎಸ್ ನಡೆಸುವ ಹುಮ್ಮಸ್ಸು ಇದ್ದರೆ ಲಿನ್‌ಬಿಪಿಕ್ಯೂ ಇದೆ, ಅದಕ್ಕೆ ಪೋರ್ಟ್ 8001. ನನಗೆ ಅಷ್ಟು ಹುಮ್ಮಸ್ಸು ಇನ್ನೂ ಬಂದಿಲ್ಲ.

ಓಎಂ ಬಳಸುವ ಬಿಬಿಎಸ್‌ಗೆ ಕನೆಕ್ಟ್ ಕೊಟ್ಟ ರಾತ್ರಿ ಚೆನ್ನಾಗಿ ನೆನಪಿದೆ. ಪಿಟಿಟಿ ಟಕ್ ಅಂದಿತು, ನನ್ನ 'ಪ್ರ್ರ್‌ಚ್' ಹೋಯಿತು. ಮೌನ. ಆಮೇಲೆ ಆ ಕಡೆಯಿಂದ ಪುಟ್ಟದೊಂದು 'ಪ್ರ್‌ಚ್'. ಕನೆಕ್ಟೆಡ್! ಮೊದಲ ಸಲ ಬಂದವರ ಹೆಸರು ಕೇಳುತ್ತದೆ, ಮಾಮೂಲು ಬಿಬಿಎಸ್ ಯಾವುದು ಅಂತ ಕೇಳುತ್ತದೆ. ಆಮೇಲೆ ಒಂದೆರಡು ಅಕ್ಷರದ ಆಜ್ಞೆಗಳು. ಎಲ್ ಅಂದರೆ ಪಟ್ಟಿ, ಆರ್ ಜೊತೆಗೆ ನಂಬರ್ ಕೊಟ್ಟರೆ ಓದು, ಎಸ್‌ಪಿ ಜೊತೆಗೆ ಕಾಲ್‌ಸೈನ್ ಕೊಟ್ಟರೆ ಒಬ್ಬರಿಗೆ ಪತ್ರ, ಬಿ ಅಂದರೆ ಹೊರಟೆ. ನಾನು ಹುಮ್ಮಸ್ಸಿನಲ್ಲಿ ಬರೀ ಎಲ್ ಹೊಡೆದೆ. ತಪ್ಪು. ಪಟ್ಟಿ ಇಳಿಯತೊಡಗಿತು, ಇಳಿಯುತ್ತಲೇ ಇತ್ತು. 1200 ಬಿಟ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 150 ಅಕ್ಷರ. ಉತ್ತರ, ಮರು ಉತ್ತರ, ಡಿಕ್ಕಿ ಎಲ್ಲ ಕಳೆದರೆ ಅದರ ಅರ್ಧವೂ ಕೈಗೆ ಹತ್ತುವುದಿಲ್ಲ. ನನ್ನಿಂದಾಗಿ ಇಡೀ ಚಾನೆಲ್ ಕಾಯಬೇಕಾಯಿತು. ಎಲ್‌ಎಲ್ 10 ಅಂತ ಹೊಡೆದರೆ ಕೊನೆಯ ಹತ್ತು ಮಾತ್ರ ಬರುತ್ತವೆ, ಅದನ್ನು ಕಲಿಯಿರಿ.

ಬಿಬಿಎಸ್‌ನಲ್ಲಿ ಏನಿರುತ್ತದೆ? ಉಪಗ್ರಹಗಳ ಲೆಕ್ಕ, ಆಂಟೆನಾ ಜಗಳ, ಯಾರದ್ದೋ ಮೊಮ್ಮಗುವಿನ ಸುದ್ದಿ. ವ್ಯಾಪಾರದ ಮಾತಿಗೆ ಜಾಗ ಇಲ್ಲ. ಗುಟ್ಟಿನ ಲಿಪಿಯೂ ನಡೆಯುವುದಿಲ್ಲ. ನೀವು ಬರೆದದ್ದನ್ನು ಕೇಳುವ ಯಾರು ಬೇಕಾದರೂ ಓದಬಹುದು. ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟ್ ಮಾಡುವ ಹಾಗಿಲ್ಲ, ಇದನ್ನು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಕನ್ನಡದಲ್ಲಿ ಕಳಿಸಿ ನೋಡಬೇಕು ಅನ್ನುವ ಚಪಲ ತಡೆಯಲಾಗಲಿಲ್ಲ. 'ನಮಸ್ಕಾರ' ಅನ್ನುವ ನಾಲ್ಕು ಅಕ್ಷರಕ್ಕೆ ಯೂನಿಕೋಡಿನಲ್ಲಿ 21 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9. ಒಂದು ಪ್ಯಾಕೆಟ್‌ನಲ್ಲಿ ಮಾಮೂಲಿಯಾಗಿ 256 ಬೈಟ್ ಹಿಡಿಸುತ್ತದೆ, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಹಾಗಾಗಿ ಪ್ಯಾಕೆಟ್ ತುದಿಯಲ್ಲಿ ಅಕ್ಷರ ತುಂಡಾಗಿ, ಅರ್ಧ ಈ ಪ್ಯಾಕೆಟ್‌ನಲ್ಲಿ, ಅರ್ಧ ಮುಂದಿನದರಲ್ಲಿ ಹೋಗಬಹುದು. ಓಎಂ ಅವರ ಹಳೇ ಟರ್ಮಿನಲ್‌ಗಂತೂ ಯೂನಿಕೋಡೇ ಗೊತ್ತಿಲ್ಲ. ಆದರೂ ಅವರಿಗೆ ನಾಲ್ಕು ಸಾಲು ಕನ್ನಡದಲ್ಲೇ ಬರೆದು ಹಾಕಿದೆ.

ಮಾರನೇ ದಿನ ಬಿಬಿಎಸ್‌ಗೆ ಹೋದ ಕೂಡಲೇ ನನ್ನ ಹೆಸರಿಗೊಂದು ಪತ್ರ ಇದೆ ಅಂತ ತೋರಿಸಿತು. ಆರ್ ಹೊಡೆದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: "ಬರೀ ಗೊಜಲು ಕಾಣಿಸ್ತು, ಏನು ಬರೆದಿದ್ದೀಯೋ ಗೊತ್ತಾಗಲಿಲ್ಲ. ನಿನ್ನ ಟ್ರಾನ್ಸ್‌ಮಿಟ್ ಆಡಿಯೋ ಇನ್ನೂ ಜಾಸ್ತಿ ಇದೆ. ಇಳಿಸಪ್ಪ."