ತಿಳಿ ಗಂಜಿಯ ಆಹಾರಪಟ್ಟಿ ಮಾರುವವರಿದ್ದಾರೆ, ಎಚ್ಚರವಿರಲಿ

ಎದೆಹಾಲು ಕುಡಿಯುವ ಕೂಸಿಗೆ ಮೊದಲ ಊಟ ಶುರು ಮಾಡಲು ಹೊರಟವರು ದಯವಿಟ್ಟು ಇದನ್ನು ಓದಿ. ಮೊಬೈಲ್‌ನಲ್ಲಿ ಶಿಶು ಆಹಾರದ ಸಲಹೆ ಮಾರುವ ಒಬ್ಬರು ಹಣ ಪಡೆದು ನಮಗೊಂದು ಆಹಾರಪಟ್ಟಿ ಕೊಟ್ಟರು. ಎಲ್ಲವೂ ಮನೆಯಲ್ಲೇ ಮಾಡುವಂಥದ್ದು, ಎಲ್ಲವೂ ‘ಹೊಟ್ಟೆಗೆ ಹಗುರ’: ತಿಳಿ ಗಂಜಿ, ಬೇಳೆ ಬೇಯಿಸಿ ಬಸಿದ ನೀರು, ತರಕಾರಿ ಬೆಂದ ನೀರು, ಸೋಸಿದ ಹಣ್ಣಿನ ರಸ. ಬೇಳೆಯನ್ನೇ ಕೊಡಬಾರದು, ವರ್ಷ ತುಂಬುವವರೆಗೆ ಮೊಟ್ಟೆ ಮುಟ್ಟಿಸಬಾರದು, ಎಣ್ಣೆಯ ಹನಿಯೂ ಬೇಡ. ಮೊದಲು ಗಂಜಿ ಕುಡಿಸಿ, ಜಾಗ ಉಳಿದರೆ ಎದೆಹಾಲು ಕೊಡಿ ಎಂದೂ ಅದರಲ್ಲಿತ್ತು.

ಮಗು ಇಷ್ಟಪಟ್ಟೇ ಕುಡಿಯಿತು, ಹೊಟ್ಟೆ ತುಂಬಿ ನಿದ್ದೆಯನ್ನೂ ಮಾಡಿತು. ತೂಕ ಏರುವುದು ನಿಂತಾಗ ಕೇಳಿದೆವು. ‘ಅಂಬೆಗಾಲಿಡುವ ಮಕ್ಕಳು ಸೊರಗುವುದು ಸಹಜ’ ಎಂಬ ಉತ್ತರ ಬಂತು, ಜೊತೆಗೆ ಇನ್ನೊಂದು ಪಟ್ಟಿ, ಅದಕ್ಕೂ ಹಣ. ಲಸಿಕೆಗೆಂದು ಹೋದಾಗ ಮಕ್ಕಳ ವೈದ್ಯರು ಕೆಳರೆಪ್ಪೆ ಸರಿಸಿ ನೋಡಿ ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಕೊರತೆಯಿಂದ ಬಂದ ರಕ್ತಹೀನತೆ.

ವೈದ್ಯರು ಲೆಕ್ಕ ಹಾಕಿ ತೋರಿಸಿದ್ದನ್ನು ಹಾಗೆಯೇ ಹೇಳುತ್ತೇನೆ. 100 ಮಿಲಿಲೀಟರ್ ಎದೆಹಾಲಿನಲ್ಲಿ ಸುಮಾರು 65ರಿಂದ 70 ಕಿಲೊಕ್ಯಾಲರಿ ಇರುತ್ತದೆ. ಅಷ್ಟೇ ನೀರಿಗೆ 5 ಗ್ರಾಂ ಧಾನ್ಯದ ಹಿಟ್ಟು ಕದಡಿ ಕಾಯಿಸಿದರೆ ಸಿಗುವುದು 20ಕ್ಕಿಂತ ಕಡಿಮೆ. ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ದೇಹತೂಕದ ಪ್ರತಿ ಕಿಲೊಗೆ ಸುಮಾರು 30 ಮಿಲಿಲೀಟರ್. ಅಷ್ಟು ಪುಟ್ಟ ಹೊಟ್ಟೆಯನ್ನು ನೀರಿನಿಂದ ತುಂಬಿಸಿದರೆ ಅದಕ್ಕಿಂತ ಎಷ್ಟೋ ಪುಷ್ಟಿಯಾದ ಹಾಲಿಗೆ ಜಾಗ ಎಲ್ಲಿ? ಊಟ ಕೊಡುತ್ತಿದ್ದೇವೆ ಎಂಬ ನಂಬಿಕೆಯಲ್ಲೇ ಮಗುವಿಗೆ ಸಿಗುತ್ತಿದ್ದ ಆಹಾರ ಕಡಿತವಾಗುತ್ತಿತ್ತು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕಬ್ಬಿಣದ್ದು ಬೇರೆಯೇ ಕಥೆ. ತಿಂಗಳು ತುಂಬಿ ಹುಟ್ಟಿದ ಮಗು ಗರ್ಭದಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಎದೆಹಾಲಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಆದರೆ ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟೂ ಇರುವುದಿಲ್ಲ. ಇದು ಹಾಲಿನ ದೋಷವಲ್ಲ. ಆರು ತಿಂಗಳ ನಂತರ ಕಬ್ಬಿಣವನ್ನು ಊಟವೇ ತರಬೇಕು. ನಮ್ಮ ಪಟ್ಟಿ ದೂರವಿಟ್ಟಿದ್ದೂ ಆ ಊಟವನ್ನೇ.

ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಅದರ ಜೊತೆಗೆ ಊಟ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ ಊಟ, ಹಾಲು ಕೇಳಿದಾಗಲೆಲ್ಲ. ನಾವೀಗ ಬೇಳೆಯನ್ನು ಬಸಿಯದೆ, ಮೆತ್ತಗೆ ಬೇಯಿಸಿ ಧಾನ್ಯದ ಜೊತೆ ನುಣ್ಣಗೆ ಕಿವುಚುತ್ತೇವೆ. ಚಮಚ ಓರೆ ಮಾಡಿದರೆ ಥಟ್ಟನೆ ಹರಿದುಹೋಗಬಾರದು, ಅಷ್ಟು ಗಟ್ಟಿ. ಕೊನೆಗೆ ಸ್ವಲ್ಪ ಎಣ್ಣೆ. ಬೇಳೆಯ ಕಬ್ಬಿಣ ಮೈಗೆ ಹತ್ತಲು ಸಿ ಜೀವಸತ್ವವಿರುವ ಹಣ್ಣನ್ನು ಅದೇ ಊಟದಲ್ಲಿ ಕೊಡುತ್ತೇವೆ. ಪೂರ್ತಿ ಬೆಂದ ಮೊಟ್ಟೆಯನ್ನೂ ಶುರು ಮಾಡಿದ್ದೇವೆ. ಮಾಂಸ ತಿನ್ನುವ ಮನೆಯವರು ಅದನ್ನೂ ನುಣ್ಣಗೆ ಅರೆದು ಕೊಡಬಹುದು. ಉಪ್ಪು, ಸಕ್ಕರೆ ಇಲ್ಲ.

ಗಂಜಿಗೆ ಜೇನುತುಪ್ಪ ಬೆರೆಸಿ ಎಂದೂ ಆ ಪಟ್ಟಿಯಲ್ಲಿತ್ತು, ಅದನ್ನು ಮಾತ್ರ ನಾವು ಕೊಟ್ಟಿರಲಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು, ಕಾಯಿಸಿದರೂ ಅವು ಸುಲಭಕ್ಕೆ ಸಾಯುವುದಿಲ್ಲ.

ಯಾರಾದರೂ ಇಂಥ ಪಟ್ಟಿ ಕೊಟ್ಟರೆ ಹಣ ಕೊಡುವ ಮುನ್ನ ಕೇಳಿ: ಇದರಲ್ಲಿ ಕಬ್ಬಿಣ ಯಾವ ಪದಾರ್ಥದಿಂದ ಬರುತ್ತದೆ? ಮಗು ಬಿಳಿಚಿಕೊಂಡಿದ್ದರೆ, ಮಂಕಾಗಿದ್ದರೆ, ತೂಕ ನಿಂತಿದ್ದರೆ ನೇರವಾಗಿ ವೈದ್ಯರಲ್ಲಿಗೆ ಹೋಗಿ. ಕಬ್ಬಿಣದ ಹನಿಗಳನ್ನು ನೀವೇ ಅಂದಾಜಿನಲ್ಲಿ ಹಾಕಬೇಡಿ. ಪ್ರಮಾಣ ತೂಕ ನೋಡಿ ನಿರ್ಧಾರವಾಗಬೇಕು, ಹೆಚ್ಚಾದರೆ ಅದು ಮಕ್ಕಳಿಗೆ ವಿಷ. ಮನೆಯಲ್ಲಿ ಓಡಾಡುವ ದೊಡ್ಡ ಮಗುವಿದ್ದರೆ ಆ ಸೀಸೆಯನ್ನು ಬೀಗವಿರುವ ಕಪಾಟಿನಲ್ಲಿಡಿ.