ಎರಡು ಡೆಸ್ಕ್‌ಟಾಪಲ್ಲಿ ಮಿಂಟ್, ಒಂದು ಲ್ಯಾಪ್‌ಟಾಪಲ್ಲಿ ವಿಂಡೋಸ್: ನನ್ನ ಜೆರಾಕ್ಸ್ ಅಂಗಡಿಯ ಲೆಕ್ಕ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಎರಡು ಹಳೆ ಡೆಸ್ಕ್‌ಟಾಪ್‌ಗಳಲ್ಲಿ 2020ರಿಂದ ಲಿನಕ್ಸ್ ಮಿಂಟ್ ಓಡುತ್ತಿದೆ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಸಿಸ್ಟಂ ಅದು. ಪಕ್ಕದ ಲ್ಯಾಪ್‌ಟಾಪಿನಲ್ಲಿ ದುಡ್ಡು ಕೊಟ್ಟ ವಿಂಡೋಸ್ 11. ಎರಡನ್ನೂ ದಿನಾ ಬಳಸುತ್ತೇನೆ. ಯಾವುದು ಒಳ್ಳೇದು ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತಪ್ಪೊಪ್ಪಿಕೊಂಡುಬಿಡುತ್ತೇನೆ. ಮಿಂಟ್‌ಗೆ ಮುಂಚೆ ನನ್ನ ಹತ್ತಿರ ಇದ್ದದ್ದು ದುಡ್ಡು ಕೊಟ್ಟ ವಿಂಡೋಸ್ ಅಲ್ಲ. ಸಿಸ್ಟಂ ಜೋಡಿಸಿಕೊಟ್ಟವರು 300 ರೂಪಾಯಿ ತಗೊಂಡು ಹಾಕಿಕೊಟ್ಟ ವಿಂಡೋಸ್ 7. ಹಾಗಾಗಿ ಲಿನಕ್ಸ್ ಹಾಕಿದರೆ ದುಡ್ಡು ಉಳಿಯುತ್ತೆ ಎಂದು ಯಾರಾದರೂ ಹೇಳಿದರೆ ನಗು ಬರುತ್ತಿತ್ತು. ಖರ್ಚೇ ಮಾಡದವನು ಉಳಿಸೋದೇನು?

ನನ್ನನ್ನು ಈ ಕಡೆ ತಳ್ಳಿದ್ದು ಪೆನ್‌ಡ್ರೈವ್. ಪ್ರಾಜೆಕ್ಟ್ ಪ್ರಿಂಟ್ ಮಾಡಿಸೋಕೆ ಬರುವ ಹುಡುಗರ ಪೆನ್‌ಡ್ರೈವಿನಲ್ಲಿ ಫೋಲ್ಡರ್‌ಗಳೆಲ್ಲ ಮಾಯ, ಬರೀ ಶಾರ್ಟ್‌ಕಟ್. ಅದನ್ನು ಒತ್ತಿದರೆ ವೈರಸ್ ನಮ್ಮ ಸಿಸ್ಟಂಗೆ ಅಂಟುತ್ತಿತ್ತು. ಮುಂದೆ ಬಂದವರ ಪೆನ್‌ಡ್ರೈವಿಗೆ ನಾವೇ ಪ್ರಸಾದದ ಹಾಗೆ ಹಂಚುತ್ತಿದ್ದೆವು. 2020ರ ಜನವರಿ 14ಕ್ಕೆ ವಿಂಡೋಸ್ 7ರ ಅಪ್‌ಡೇಟ್ ನಿಂತಿತು. ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಶಟರ್ ಎಳೆದು ಸುಮ್ನೆ ಕೂತಿದ್ದೆ, ಒಂದು ಡಬ್ಬವನ್ನು ಮನೆಗೆ ತಂದು ಮಿಂಟ್ 19.3 ಹಾಕಿದೆ. 4 ಜಿಬಿ ರ‍್ಯಾಮ್ ಮಾತ್ರ ಇದ್ದದ್ದರಿಂದ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ.

ಆ ವೈರಸ್ ವಿಂಡೋಸ್‌ಗೆಂದೇ ಬರೆದದ್ದು, ಇಲ್ಲಿ ಅದರ ಆಟ ನಡೆಯಲ್ಲ. ಇನ್ನೂ ಮಜಾ ಏನೆಂದರೆ ಅದು ಬಚ್ಚಿಟ್ಟ ಫೋಲ್ಡರ್‌ಗಳು ಮಿಂಟ್‌ನಲ್ಲಿ ಸಲೀಸಾಗಿ ಕಾಣುತ್ತವೆ. ವಿಂಡೋಸ್ ಹಾಕುವ 'ಅಡಗಿಸು' ಎಂಬ ಗುರುತನ್ನು ಇದು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಫೈಲ್ ಹೋಯ್ತು ಎಂದು ಅಳುಮುಖ ಮಾಡಿಕೊಂಡು ಬಂದವರಿಗೆ ಎರಡು ನಿಮಿಷದಲ್ಲಿ ತೆಗೆದುಕೊಟ್ಟಿದ್ದೇನೆ. ಆ ದಿನ ನಾನೇ ದೇವರು.

ವೇಗ? ಜಾಸ್ತಿಯಾಯಿತು. ಆದರೆ ಅದೇ ವರ್ಷ ಹಳೆ ಹಾರ್ಡ್‌ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಕೂಡ ಹಾಕಿಸಿದ್ದೆ. ಅರ್ಧ ಹೊಗಳಿಕೆ ಅದಕ್ಕೆ ಸೇರಬೇಕು.

ಕನ್ನಡದ ವಿಷಯ ಹೇಳಲೇಬೇಕು. ನನ್ನ ಬೆರಳು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ್ದು, ಒತ್ತಕ್ಷರ ಬಂತೆಂದರೆ ತಾನಾಗಿ 'ಎಫ್' ಕೀ ಮೇಲೆ ಹೋಗುತ್ತೆ. ಮಿಂಟ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಎಂಬುದರ ಜೊತೆ ಕೆಜಿಪಿ ವಿನ್ಯಾಸ ಸೇರಿಸಿಕೊಂಡರೆ ಅದೇ ಕೀಲಿಮಣೆ, ಕೆ.ಪಿ. ರಾವ್ ರೂಪಿಸಿದ್ದೇ, ಸಿಗುತ್ತದೆ. ಬರುವುದು ನೇರ ಯೂನಿಕೋಡ್, ಅಂದರೆ ಯಾವ ಸಿಸ್ಟಂನಲ್ಲೂ ಓದೋಕೆ ಬರುವ ಅಕ್ಷರ ಸಂಕೇತ. ಫಾಂಟ್ ಪಟ್ಟಿಯಲ್ಲಿ 'ಗುಬ್ಬಿ' ಎಂದು ಕಂಡಾಗ, ಅರೆ, ಇಲ್ಲೇ ಪಕ್ಕದ ಗುಬ್ಬಿಯವರು ಯಾರೋ ಮಾಡಿದ್ದಾರೆ ಎಂದು ಬೀಗಿದೆ. ಕೆಳಗೆ 'ನವಿಲು' ಕೂಡ ಇತ್ತು. ಊರಲ್ಲ, ಹಕ್ಕಿ.

ತೊಂದರೆ ಹಳೆ ಫೈಲುಗಳದ್ದು. ನುಡಿಯ ಹಳೆ ಫಾಂಟಿನಲ್ಲಿ ಮಾಡಿದ ಹತ್ತಾರು ವರ್ಷದ ಕರಪತ್ರ, ಕರಾರುಪತ್ರಗಳು ಯೂನಿಕೋಡ್ ಅಲ್ಲ. ಫಾಂಟ್ ಹಾಕಿದರೆ ಓದೋಕೆ ಕಾಣುತ್ತವೆ, ತಿದ್ದೋದು ಮಾತ್ರ ಪಾಡು. ಮದುವೆ ಕಾರ್ಡು ವಿನ್ಯಾಸ ಮಾಡುವ ಕೋರೆಲ್ ತಂತ್ರಾಂಶದ ಫೈಲುಗಳದ್ದೂ ಇದೇ ಕಥೆ. ಅದರ ಬದಲಿಗೆ ಇಲ್ಲಿರುವ ಇಂಕ್‌ಸ್ಕೇಪ್ ಒಳ್ಳೇ ತಂತ್ರಾಂಶ. ಹೊಸ ಕಾರ್ಡು ಅದರಲ್ಲೇ ಮಾಡುತ್ತೇನೆ. ಆದರೆ ಬೇರೆಯವರ ಕೋರೆಲ್ ಫೈಲ್ ತೆರೆದರೆ ಅಕ್ಷರ ಒಂದು ಕಡೆ, ಗಣಪತಿ ಇನ್ನೊಂದು ಕಡೆ.

ವರ್ಡ್ ಫೈಲುಗಳಲ್ಲೂ ಒಮ್ಮೆ ಪೆಟ್ಟು ತಿಂದೆ. ಕ್ಯಾಲಿಬ್ರಿ ಫಾಂಟ್ ಮಿಂಟ್ ಜೊತೆ ಬರಲ್ಲ. ಅದರ ಅಳತೆಗೇ ಮಾಡಿದ ಕಾರ್ಲಿಟೊ ಇದೆ, ಬಹಳ ಸಲ ಹೊಂದುತ್ತೆ. ಆದರೆ ಕೋಷ್ಟಕ, ಚಿತ್ರ ತುಂಬಿದ ಒಂದು 62 ಪುಟದ ಪ್ರಾಜೆಕ್ಟ್, ವರ್ಡ್ ಬದಲು ಮಿಂಟ್‌ನಲ್ಲಿರುವ ಲಿಬ್ರೆ ಆಫೀಸಿನಲ್ಲಿ 65 ಆಯಿತು. ಪರಿವಿಡಿಯ ಪುಟಸಂಖ್ಯೆ ಎಲ್ಲ ತಪ್ಪು. ನೋಡಿದ್ದು ಬೈಂಡಿಂಗ್ ಆದಮೇಲೆ. ನಾಲ್ಕು ಪ್ರತಿ ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ. ಅವತ್ತಿಂದ ಗೋಡೆ ಮೇಲೆ ಬೋರ್ಡು: 'ಪಿಡಿಎಫ್ ಮಾತ್ರ ತನ್ನಿ'.

ದೊಡ್ಡ ತಲೆನೋವು ಪ್ರಿಂಟರ್. ಡಿಟಿಪಿ ಅಂಗಡಿಗಳಲ್ಲಿ ಮಾಮೂಲಿಯಾಗಿ ಕಾಣುವ ಸಣ್ಣ ಲೇಸರ್ ಒಂದಿದೆ, ಕಂಪನಿ ಹೆಸರು ಬೇಡ. ಅದನ್ನು ಮಿಂಟ್‌ನಲ್ಲಿ ಓಡಿಸೋಕೆ ಎರಡು ದಿನ ಒದ್ದಾಡಿದೆ. ಆಮೇಲೆ ಮಿಂಟ್ ಆವೃತ್ತಿ ಏರಿಸಿದಾಗ ಮತ್ತೆ ಸತ್ತಿತು. ಹೊರಗೆ ಏಳು ಜನ ಸಾಲಲ್ಲಿ ನಿಂತಿದ್ದರು. ಕೊನೆಗೆ ಅದನ್ನು ಲ್ಯಾಪ್‌ಟಾಪಿಗೆ ಕಟ್ಟಿ, ಮಿಂಟ್‌ಗಾಗಿ ನೆಟ್‌ವರ್ಕ್‌ನಲ್ಲಿ ಡ್ರೈವರ್ ಇಲ್ಲದೆಯೇ ಓಡುವ ಬೇರೆ ಪ್ರಿಂಟರ್ ತಂದೆ. ಪುಕ್ಕಟೆ ಸಿಸ್ಟಂಗೆ ನಾನು ಕೊಟ್ಟ ದೊಡ್ಡ ದುಡ್ಡು ಅದೇ!

ಅಪ್‌ಡೇಟ್ ಆದಮೇಲೆ ಒಮ್ಮೆ ಪರದೆಯೂ ಕಪ್ಪಾಗಿದ್ದುಂಟು. ಸಿಸ್ಟಂನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ನಲ್ಲಿ ಹಿಂದಿನ ದಿನದ ಪ್ರತಿ ಇತ್ತು. ಚಹಾ ಕುಡಿದು ಬರುವಷ್ಟರಲ್ಲಿ ಸರಿಹೋಯಿತು. ಮಿಂಟ್ ಹಾಕಿದ ದಿನವೇ ಇದನ್ನು ಚಾಲೂ ಮಾಡಿಡಿ.

ಅಂಗಡಿ ಹುಡುಗ ಎರಡೇ ದಿನದಲ್ಲಿ ಕಲಿತ. ಅವನು ಕೇಳಿದ್ದು ಒಂದೇ ಪ್ರಶ್ನೆ, "ಅಣ್ಣಾ, ಸಿ ಡ್ರೈವ್ ಎಲ್ಲಿ?"

ವಿಂಡೋಸ್ ಲ್ಯಾಪ್‌ಟಾಪ್ ತಗೊಂಡಿದ್ದು ಕಂಟ್ರಾಕ್ಟರ್‌ಗಳ ಟೆಂಡರ್ ಕೆಲಸಕ್ಕೆ. ಪೆನ್‌ಡ್ರೈವಿನ ಹಾಗೆ ಚುಚ್ಚುವ ಡಿಜಿಟಲ್ ಸಹಿಯ ಟೋಕನ್‌ಗಳನ್ನು ಮಿಂಟ್‌ನಲ್ಲಿ ಓಡಿಸೋಕೆ ನನ್ನಿಂದ ಆಗಲಿಲ್ಲ. ಲ್ಯಾಪ್‌ಟಾಪ್ ಜೊತೆ ಬಂದ ಲೈಸನ್ಸ್ ಆ ಯಂತ್ರಕ್ಕೇ ಅಂಟಿರುತ್ತೆ, ಕಿತ್ತು ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ಕೊಳ್ಳುವಾಗ ಇದು ತಲೆಯಲ್ಲಿರಲಿ. ಉಳಿದಂತೆ ಅದರ ಮೇಲೆ ನನಗೆ ದೂರಿಲ್ಲ. ಪ್ರಿಂಟರ್, ಸ್ಕ್ಯಾನರ್, ಟೋಕನ್, ಏನು ಚುಚ್ಚಿದರೂ ಓಡುತ್ತೆ. ಕೊಟ್ಟ ದುಡ್ಡು ಅದಕ್ಕೇ ಅಲ್ವಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಮಂಡಿಪೇಟೆಯ ಗೆಳೆಯನೊಬ್ಬ ಬಂದ. ಅವನದು ಇಂಟೆಲ್ ಆರನೇ ತಲೆಮಾರಿನ ಸಿಸ್ಟಂ. ವಿಂಡೋಸ್ 11 ಎಂಟನೇ ತಲೆಮಾರಿನಿಂದ ಈಚೆಗಿನದನ್ನು ಕೇಳುತ್ತೆ. "ಮಿಂಟ್ ಹಾಕಿಬಿಡು" ಅಂದ. ಅಂಗಡಿ ಲೆಕ್ಕ ಯಾವುದರಲ್ಲಿ ಎಂದು ಕೇಳಿದೆ. ಟ್ಯಾಲಿ. ಟ್ಯಾಲಿ ಮಾಡಿರೋದು ವಿಂಡೋಸ್‌ಗೆ. ಅದನ್ನು ಮುಟ್ಟಲಿಲ್ಲ. ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಸೇರಿಸಿಕೊಟ್ಟು, ಅಷ್ಟರಲ್ಲಿ ಹೊಸ ಸಿಸ್ಟಂಗೆ ದುಡ್ಡು ಹೊಂದಿಸಿಕೋ ಎಂದೆ. ಅವನ ಮನೆಯಲ್ಲಿ ಮಗಳು ಓದೋಕೆ ಬಳಸುವ ಹಳೆಯದಕ್ಕೆ ಮಾತ್ರ ಮಿಂಟ್ 22 ಹಾಕಿದೆ. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಎಲ್ಲ ಮುಗಿಸಿ ಎದ್ದಾಗ ಮೇಜಿನ ಕೆಳಗೆ ಬಟ್ಟೆ ಮುಚ್ಚಿದ ಪ್ರಿಂಟರ್ ಕಂಡಿತು. ಬಟ್ಟೆ ಎತ್ತಿ ನೋಡಿದೆ. ನನ್ನ ಅಂಗಡಿಯ ಅದೇ ಮಾಡೆಲ್.