ವಾಲ್ಟರ್ ಐಸಾಕ್ಸನ್ ಬರೆದ ‘ಸ್ಟೀವ್ ಜಾಬ್ಸ್’: ಕೊಂಡು ಓದಬಹುದೇ?

ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ಜಾಬ್ಸ್ 2011ರ ಅಕ್ಟೋಬರ್ 5ರಂದು ತೀರಿಕೊಂಡರು. ಅದೇ ತಿಂಗಳು ಈ ಜೀವನಚರಿತ್ರೆ ಅಂಗಡಿಗಳಿಗೆ ಬಂತು. ಜಾಬ್ಸ್ ತಾವಾಗಿಯೇ ಕೇಳಿಕೊಂಡು ಬರೆಯಿಸಿದ ಪುಸ್ತಕವಿದು. ಲೇಖಕರೊಂದಿಗೆ ಸುಮಾರು 40 ಬಾರಿ ಕುಳಿತು ಮಾತನಾಡಿದ ಅವರು, ಅಚ್ಚಿಗೆ ಹೋಗುವ ಮೊದಲು ಓದಿ ತಿದ್ದುವ ಹಕ್ಕನ್ನು ಮಾತ್ರ ಕೇಳಲಿಲ್ಲ. ಕಂಪ್ಯೂಟರುಗಳ ಕಥೆ ಬೇರೆ ಕಡೆಯೂ ಸಿಗುತ್ತದೆ. ಆ ಮನುಷ್ಯನ ಊಟ, ಉಡುಪು, ಹಟಗಳನ್ನು ಇಷ್ಟು ಸಮೀಪದಿಂದ ತೋರಿಸಿರುವುದೇ ಈ ಪುಸ್ತಕದ ಹೆಚ್ಚುಗಾರಿಕೆ.

ವಾಷಿಂಗ್ ಮಷಿನ್ ಕೊಳ್ಳುವ ಪ್ರಸಂಗವನ್ನೇ ನೋಡಿ. ಅಮೆರಿಕದ ಯಂತ್ರ ಬೇಗ ಒಗೆಯುತ್ತದೆ, ಯುರೋಪಿನದು ನಿಧಾನವಾದರೂ ನೀರು ಕಡಿಮೆ ಬಳಸಿ ಬಟ್ಟೆಯನ್ನು ಜೋಪಾನವಾಗಿ ಒಗೆಯುತ್ತದೆ. ನಮಗೆ ಸಮಯ ಮುಖ್ಯವೋ, ನೀರು ಮುಖ್ಯವೋ ಎಂದು ಆ ಕುಟುಂಬ ಎರಡು ವಾರ ರಾತ್ರಿ ಊಟದ ಹೊತ್ತಿನಲ್ಲಿ ಚರ್ಚಿಸಿ, ಕೊನೆಗೆ ಜರ್ಮನಿಯ ಮೀಲೆ ಯಂತ್ರ ತಂದಿತು. (ಮನೆಯವರ ತಾಳ್ಮೆಯನ್ನು ಮೆಚ್ಚಲೇಬೇಕು.) ಜಪಾನಿನ ವಿನ್ಯಾಸಕಾರ ಇಸ್ಸೆ ಮಿಯಾಕೆ ಹೊಲಿಸಿಕೊಟ್ಟ ಕತ್ತು ಮುಚ್ಚುವ ಕಪ್ಪು ಟರ್ಟಲ್‌ನೆಕ್ ಅಂಗಿಗಳ ರಾಶಿಯನ್ನು ಬಟ್ಟೆಯ ಕಪಾಟಿನಲ್ಲಿ ತೋರಿಸಿ, ಜೀವನಪೂರ್ತಿ ಇಷ್ಟು ಸಾಕು ಎನ್ನುವ ಜಾಬ್ಸ್ ಕೂಡ ಇಲ್ಲಿ ಕಾಣಸಿಗುತ್ತಾರೆ.

ಪುಸ್ತಕದ ನಿಜವಾದ ತೂಕವಿರುವುದು ಆಹಾರದ ವಿಷಯದಲ್ಲಿ. ಹಣ್ಣು ತರಕಾರಿ ಮಾತ್ರ ತಿನ್ನುವವನಿಗೆ ದಿನವೂ ಸ್ನಾನ ಬೇಕಿಲ್ಲವೆಂದು ಯೌವನದಲ್ಲಿ ಅವರು ನಂಬಿದ್ದರು. ಆಗ ಕೆಲಸಕ್ಕಿದ್ದ ಅಟಾರಿ ಎಂಬ ವಿಡಿಯೊ ಗೇಮ್ ಕಂಪನಿಯಲ್ಲಿ ಮೈವಾಸನೆ ತಾಳಲಾರದೆ ಅವರನ್ನು ರಾತ್ರಿ ಪಾಳಿಗೆ ಹಾಕಿದರು. ಇಲ್ಲಿಯವರೆಗೆ ನಕ್ಕು ಓದಬಹುದು. ಆದರೆ 2003ರ ಅಕ್ಟೋಬರಿನಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಪತ್ತೆಯಾದಾಗ, ಮನೆಯವರೂ ಸ್ನೇಹಿತರೂ ಎಷ್ಟು ಹೇಳಿದರೂ ಕೇಳದೆ, ಪಥ್ಯ, ಹಣ್ಣಿನ ರಸ, ಅಕ್ಯುಪಂಕ್ಚರುಗಳನ್ನು ನಂಬಿ ಒಂಬತ್ತು ತಿಂಗಳು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದು ಅದೇ ಹಟ. ಎರಡು ಪ್ರಸಂಗಗಳ ನಡುವೆ ನೂರಾರು ಪುಟಗಳಿದ್ದರೂ ಓದುಗನಿಗೆ ಎಳೆ ತಪ್ಪುವುದಿಲ್ಲ; ಲೇಖಕರ ಕಸುಬುದಾರಿಕೆ ಇಲ್ಲಿ ಮೆಚ್ಚುವಂಥದ್ದು.

ಮಗಳು ಲೀಸಾಳ ವಿಷಯದಲ್ಲಿ ಈ ಮಾತು ಹೇಳಲಾರೆ. 1978ರಲ್ಲಿ ಹುಟ್ಟಿದ ಮಗುವನ್ನು ತನ್ನದಲ್ಲವೆಂದು ವರ್ಷಗಟ್ಟಲೆ ನಿರಾಕರಿಸಿದ ತಂದೆ, ಅದೇ ಹೊತ್ತಿಗೆ ಕಂಪ್ಯೂಟರೊಂದಕ್ಕೆ ಅವಳ ಹೆಸರಿಟ್ಟ ವಿಚಿತ್ರವನ್ನು ಲೇಖಕರು ದಾಖಲಿಸುತ್ತಾರೆ. ಆದರೆ ತಾಯಿ ಮಗಳು ಆ ವರ್ಷಗಳನ್ನು ಹೇಗೆ ಕಳೆದರು ಎಂಬುದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ. 1974ರ ಭಾರತ ಯಾತ್ರೆಯೂ ಅವಸರದಲ್ಲಿ ಮುಗಿಯುತ್ತದೆ: ನೀಮ್ ಕರೋಲಿ ಬಾಬಾ ಅವರನ್ನು ಕಾಣಲು ಹೊರಟು ಬಂದಾಗ ಬಾಬಾ ಆಗಲೇ ದೇಹ ಬಿಟ್ಟಿದ್ದರು, ಯುವಕ ತಲೆ ಬೋಳಿಸಿಕೊಂಡು ಊರಿಗೆ ಮರಳಿದ, ಅಷ್ಟೇ.

600 ಪುಟ ದಾಟುವ ಗ್ರಂಥವಾದ್ದರಿಂದ ಎಲ್ಲವನ್ನೂ ಓದಲೇಬೇಕೆಂದಿಲ್ಲ. ಉದ್ಯಮದ ಒಳಜಗಳಗಳಲ್ಲಿ ಆಸಕ್ತಿಯಿಲ್ಲದವರು 1985ರಲ್ಲಿ ಅವರು ಆಪಲ್ ಬಿಟ್ಟುಹೋದ ಭಾಗವನ್ನು ಬೇಗ ಮಗುಚಿ, ಮನೆ ಮತ್ತು ಕಾಯಿಲೆಯ ಅಧ್ಯಾಯಗಳಿಗೆ ಸಮಯ ಕೊಟ್ಟರೂ ಹಣ ಕೊಟ್ಟದ್ದಕ್ಕೆ ಮೋಸವಿಲ್ಲ.